ಗೋಕಾಕದ ಕೆಂಪು ನೀರು, ಜಾಂಬೋಟಿಯ ಹಳ್ಳ: ಫ್ರೇಮ್ ಕಟ್ಟುವ ಬಗೆ

ಜಲಪಾತದ ಫೋಟೊ ಗೆಲ್ಲುವುದೂ ಸೋಲುವುದೂ ಅದರ ಕೆಳಗಿನ ಹಳ್ಳದಲ್ಲಿ. ಧುಮುಕುವ ನೀರು ಎಲ್ಲರ ಕಣ್ಣಿಗೂ ಬೀಳುತ್ತದೆ, ಕ್ಯಾಮೆರಾ ತಾನಾಗಿ ಅತ್ತ ತಿರುಗುತ್ತದೆ. ಬಿದ್ದ ನೀರು ಕಲ್ಲುಗಳ ನಡುವೆ ಯಾವ ದಾರಿ ಹಿಡಿದು ಫ್ರೇಮಿನಿಂದ ಆಚೆ ಹೋಗುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಟ್ರೈಪಾಡ್ ಎಲ್ಲಿ ಊರಬೇಕೆಂಬುದು ಆಮೇಲಿನ ಮಾತು.

ಬೆಳಗಾವಿ ಜಿಲ್ಲೆಯಲ್ಲೇ ಎರಡು ಬಗೆಯ ನೀರಿದೆ. ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿ ಕಡೆಯದು ಘಟ್ಟದ ನೀರು: ಮರದ ನೆರಳು, ಹಾವಸೆ ಕಟ್ಟಿದ ಕಪ್ಪು ಕಲ್ಲು, ಕಿರಿದಾದ ಹಳ್ಳ. ಗೋಕಾಕದ ಘಟಪ್ರಭೆ, ಗೊಡಚಿನಮಲ್ಕಿಯ ಮಾರ್ಕಂಡೇಯ ನದಿ ಬೇರೆಯೇ ಜಾತಿ. ಕಲಾದಗಿ ಶಿಲಾಸಮೂಹದ ಮರಳುಗಲ್ಲಿನ ಅಂಚಿನಿಂದ ಅಗಲವಾಗಿ ಧುಮುಕುವ, ಮಳೆಗಾಲದಲ್ಲಿ ಮಣ್ಣು ಕದಡಿದ ಕೆಂಪು ನೀರು. ಇಂಟರ್‌ನೆಟ್ಟಿನಲ್ಲಿ ಸಿಗುವ ಸಲಹೆಗಳೆಲ್ಲ ಬಹುಪಾಲು ಮೊದಲನೆಯದಕ್ಕೆ ಬರೆದವು. ಅವನ್ನೇ ಗೋಕಾಕಕ್ಕೆ ಹೊತ್ತುಕೊಂಡು ಹೋದರೆ ಕೆಲಸ ಕೆಡುತ್ತದೆ.

ಮೊದಲು ಘಟ್ಟದ ಹಳ್ಳ. ಕ್ಯಾಮೆರಾವನ್ನು ನೆಲಕ್ಕೆ ತಾಗುವಷ್ಟು ಕೆಳಗಿಡಿ ಎಂದು ಎಲ್ಲರೂ ಹೇಳುತ್ತಾರೆ. ಅಷ್ಟು ಇಳಿಸಿದರೆ ಮುಂದಿನ ಕಲ್ಲು ಹಿಂದಿನ ಮಡುವನ್ನು ನುಂಗಿಬಿಡುತ್ತದೆ. ಜಲಪಾತಕ್ಕೂ ಮುಂಭಾಗಕ್ಕೂ ನಡುವಿನ ನೀರಿನ ದಾರಿಯೇ ಮಾಯ. ಸೊಂಟದ ಎತ್ತರದಿಂದ ಶುರು ಮಾಡಿ, ಕಲ್ಲುಗಳು ಒಂದಕ್ಕೊಂದು ಅಂಟುವ ಮೊದಲೇ ನಿಲ್ಲಿಸಿ. ಮುಂಭಾಗದ ದೊಡ್ಡ ಕಲ್ಲಿನ ತುದಿ ಜಲಪಾತದ ಬುಡವನ್ನು ಮುಟ್ಟಬಾರದು. ನಡುವೆ ಒಂದಿಷ್ಟು ನೀರು ಕಾಣಲೇಬೇಕು, ಇಲ್ಲವಾದರೆ ಎರಡರ ನಡುವಿನ ದೂರ ಗೊತ್ತಾಗುವುದಿಲ್ಲ.

ನೀರು ಆಚೆ ಹೋಗುವ ಜಾಗ ಕೆಳಗಿನ ಅಂಚಿನಲ್ಲಿ, ನಡುಮಧ್ಯಕ್ಕಿಂತ ಸ್ವಲ್ಪ ಎಡಕ್ಕೋ ಬಲಕ್ಕೋ ಇರಲಿ. ಸರಿಯಾಗಿ ಮೂಲೆಯಿಂದ ಹೊರಟರೆ ನೋಡುವ ಕಣ್ಣೂ ಅದರ ಜೊತೆ ಜಾರಿಹೋಗುತ್ತದೆ. ಒತ್ತುವ ಮುನ್ನ ನಾಲ್ಕೂ ಅಂಚು ನೋಡಿ. ಅರ್ಧ ಕತ್ತರಿಸಿದ ಬಿಳಿ ನೊರೆ, ಮೇಲಿನ ಮೂಲೆಯಲ್ಲಿ ಎಲೆಗಳ ಸಂದಿನಿಂದ ಇಣುಕುವ ಬಿಳಿ ಆಕಾಶ, ಇವೆರಡೇ ಹೆಚ್ಚಿನ ಫೋಟೊಗಳನ್ನು ಹಾಳು ಮಾಡುತ್ತವೆ. ಮೋಡದ ದಿನ ಆಕಾಶವನ್ನು ಪೂರ್ತಿ ಬಿಟ್ಟುಬಿಡುವುದೇ ಲೇಸು.

ಪೋಲರೈಸರ್ (ಲೆನ್ಸಿನ ಮುಂದೆ ಹಾಕಿ ತಿರುಗಿಸುವ ಫಿಲ್ಟರ್) ಇಲ್ಲದೆ ಈ ಹಳ್ಳಗಳಿಗೆ ಹೋಗಬೇಡಿ. ಒದ್ದೆ ಕಲ್ಲು ಮತ್ತು ಎಲೆಗಳ ಮೇಲಿನ ಹೊಳಪನ್ನು ಅದು ತೆಗೆಯುತ್ತದೆ, ಆ ಕೆಲಸ ಕಂಪ್ಯೂಟರಿನಲ್ಲಿ ಆಗುವುದಿಲ್ಲ. ನೀರಿನ ಮೇಲ್ಮೈಯನ್ನು ಸುಮಾರು 37 ಡಿಗ್ರಿ ಕೋನದಲ್ಲಿ ನೋಡುವಾಗ ಪರಿಣಾಮ ಅತಿ ಹೆಚ್ಚು. ಆದರೆ ಕೊನೆಯವರೆಗೆ ತಿರುಗಿಸಿದರೆ ಮಡುವಿನಲ್ಲಿರುವ ಹಸಿರು ಪ್ರತಿಬಿಂಬವೂ ಹೋಗಿ ನೀರು ಕಪ್ಪು ಗುಂಡಿಯಂತೆ ಕಾಣುತ್ತದೆ. ತುಸು ಹಿಂದಕ್ಕೆ ತನ್ನಿ. ಒಂದೂವರೆಯಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿದಂತೆ) ಬೆಳಕು ಅದಕ್ಕೇ ಹೋಗುವುದರಿಂದ ಮರದ ನೆರಳಲ್ಲಿ, ಮೋಡದ ದಿನ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಎಫ್/11 (ಲೆನ್ಸಿನ ರಂಧ್ರದ ಅಳತೆ) ಇಟ್ಟರೆ ಶಟರ್ ಹತ್ತಿರ ಹತ್ತಿರ ಅರ್ಧ ಸೆಕೆಂಡಿಗೆ ಬಂದು ನಿಲ್ಲುತ್ತದೆ. ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು) ಬೇಡವೇ ಬೇಡ. ಎಫ್/22ಕ್ಕೆ ಇಳಿಸಿ ಶಟರ್ ನಿಧಾನ ಮಾಡುವುದು ಕೆಟ್ಟ ಅಭ್ಯಾಸ, ಕಿರಿದಾದ ರಂಧ್ರ ದಾಟುವಾಗ ಬೆಳಕು ಚದುರುವ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರ ಮೆತ್ತಗಾಗುತ್ತದೆ. 18–55 ಕಿಟ್ ಲೆನ್ಸ್ ಇರುವ, ಸಣ್ಣ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾದಲ್ಲಿ 18 ಮಿ.ಮೀ., ಎಫ್/11 ಇಟ್ಟು ಒಂದೂವರೆ ಮೀಟರ್ ದೂರದ ಕಲ್ಲಿಗೆ ಫೋಕಸ್ ಮಾಡಿದರೆ ಮುಕ್ಕಾಲು ಮೀಟರಿನಿಂದ ಹಿಡಿದು ಹಿಂದಿನ ಬೆಟ್ಟದವರೆಗೆ ಸಾಕಷ್ಟು ಚೂಪಾಗಿರುತ್ತದೆ.

ಗಾಳಿಗೆ ಎಲೆ ಅಲ್ಲಾಡಿದರೆ ಎರಡು ಫೋಟೊ ಬೇಕು: ಒಂದು ನೀರಿಗೆ ಅರ್ಧ ಸೆಕೆಂಡಿನಲ್ಲಿ, ಇನ್ನೊಂದು ಐಎಸ್‌ಒ ಏರಿಸಿ 1/60ರಲ್ಲಿ ಎಲೆಗಳಿಗೆ. ಆಮೇಲೆ ಜೋಡಿಸಿ.

ಭೀಮಗಡ ಅಭಯಾರಣ್ಯದ ವ್ಯಾಪ್ತಿಯ ಹಳ್ಳಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಇಂಬಳದ ಕಾಟ ಇದ್ದೇ ಇದೆ.

ಈಗ ಗೋಕಾಕ. 52 ಮೀಟರ್ ಎತ್ತರದ ಜಲಪಾತ, ಕುದುರೆ ಲಾಳದ ಆಕಾರದ ಅಂಚು. ಇಲ್ಲಿ 16 ಮಿ.ಮೀ. ವೈಡ್ ಹಾಕಿದವರಿಗೆ ಸಿಗುವುದು ನಲ್ಲಿ ನೀರಿನಷ್ಟು ಸಣ್ಣ ಗೆರೆ. ಹಿಂದೆ ಸರಿದು 35ರಿಂದ 70 ಮಿ.ಮೀ. ನಡುವೆ ನೋಡಿ. ಕಲ್ಲಿನ ಪದರಗಳೆಲ್ಲ ಅಡ್ಡಡ್ಡ ಮಲಗಿರುವುದರಿಂದ ನೇರ ಎದುರಿಗೆ ನಿಂತರೆ ಚಿತ್ರದಲ್ಲಿ ಅಡ್ಡಗೆರೆಗಳದ್ದೇ ರಾಜ್ಯ, ಎಲ್ಲವೂ ಸಪ್ಪಟೆ. ಪಕ್ಕಕ್ಕೆ ಸರಿದರೆ ಅದೇ ಅಂಚು ಓರೆಯಾಗಿ ಒಳಕ್ಕೆ ಓಡುತ್ತದೆ, ಲಾಳದ ಬಾಗು ಕಾಣುತ್ತದೆ. ಎತ್ತರ ಗೊತ್ತಾಗಬೇಕಾದರೆ ಹಳೆಯ ಗುಡಿಯನ್ನೋ ತೂಗುಸೇತುವೆಯ ಒಂದು ತುಂಡನ್ನೋ ಸೇರಿಸಿಕೊಳ್ಳಿ. ಸೇತುವೆಯ ಮೇಲೆಯೇ ಟ್ರೈಪಾಡ್ ಇಡುವುದು ವ್ಯರ್ಥ: ಜನ ನಡೆದಂತೆ ಅದು ತೂಗುತ್ತದೆ, ಅಲ್ಲಿಂದ ತೆಗೆಯುವುದಿದ್ದರೆ 1/500 ಇಟ್ಟು ಕೈಯಲ್ಲೇ ತೆಗೆಯಿರಿ.

ಶಟರ್ ವೇಗದ ಲೆಕ್ಕವೂ ಇಲ್ಲಿ ಬದಲು. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ 52 ಮೀಟರ್ ಬಿದ್ದ ನೀರು ಬುಡ ತಲುಪುವಾಗ ಸೆಕೆಂಡಿಗೆ ಸುಮಾರು 32 ಮೀಟರ್ ವೇಗದಲ್ಲಿರುತ್ತದೆ. ಕಾಲು ಸೆಕೆಂಡಿನಲ್ಲಿ ಎಂಟು ಮೀಟರ್. ಸೆಕೆಂಡಿಗೆ ಒಂದು ಮೀಟರ್ ಹರಿಯುವ ಹಳ್ಳ ಅದೇ ಹೊತ್ತಿನಲ್ಲಿ ಸರಿಯುವುದು 25 ಸೆಂಟಿಮೀಟರ್ ಮಾತ್ರ. ಬಿಳಿ ನೀರಾದರೆ ಅರ್ಧ ಸೆಕೆಂಡನ್ನೂ ತಾಳಿಕೊಳ್ಳುತ್ತದೆ; ತುಂಬಿ ಬೀಳುವ ಕೆಂಪು ನೀರು ಅಷ್ಟರಲ್ಲಿ ಗೋಡೆಗೆ ಬಳಿದ ರಾಡಿಯಾಗಿಬಿಡುತ್ತದೆ, ಎಳೆಯೊಂದೂ ಉಳಿಯುವುದಿಲ್ಲ. 1/30ರಿಂದ 1/8ರ ನಡುವೆ ನಾಲ್ಕೈದು ತೆಗೆದು ಎಳೆ ಉಳಿದದ್ದನ್ನು ಆರಿಸಿ. ಬಿಸಿಲು ಬಿದ್ದಿದ್ದರೆ ಪೋಲರೈಸರ್ ಜೊತೆ ಮೂರು ಸ್ಟಾಪಿನ ಎನ್‌ಡಿ ಸಾಕು.

ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಆಟೊದಲ್ಲಿ ಬಿಡಬೇಡಿ. ಫ್ರೇಮ್ ತುಂಬ ಕೆಂಪು ಕಂಡ ಕ್ಯಾಮೆರಾ ಅದನ್ನು ಸರಿಪಡಿಸಲು ಹೋಗಿ ಕಲ್ಲಿಗೂ ಆಕಾಶಕ್ಕೂ ನೀಲಿ ಬಳಿಯುತ್ತದೆ. 5500 ಕೆಲ್ವಿನ್ ಆಸುಪಾಸು ಕಟ್ಟಿಹಾಕಿ, ಕ್ಯಾಮೆರಾ ಸಂಸ್ಕರಿಸದ ರಾ ಫೈಲಿನಲ್ಲೇ ತೆಗೆಯಿರಿ. ಇನ್ನೊಂದು ಮೋಸವಿದೆ: ಕೆಂಪು ನೀರಿನಲ್ಲಿ ಮೊದಲು ಸುಟ್ಟುಹೋಗುವುದು ಕೆಂಪು ಚಾನೆಲ್ಲು. ಒಟ್ಟು ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಚೆನ್ನಾಗಿಯೇ ಕಾಣುತ್ತದೆ, ಬಣ್ಣವಾರು ಹಿಸ್ಟೋಗ್ರಾಂ ತೆರೆದರೆ ಮಾತ್ರ ಗೊತ್ತಾಗುತ್ತದೆ.

ಗೊಡಚಿನಮಲ್ಕಿಯದು ಎರಡು ಹಂತದ ಜಲಪಾತ. ಎರಡನ್ನೂ ಒಂದೇ ಫ್ರೇಮಿಗೆ ತುರುಕುವ ಬದಲು ಒಂದನ್ನು ಆರಿಸಿಕೊಂಡು, ಅದರ ಮುಂದಿನ ಫರಸಿಯಂಥ ಬಂಡೆಗಳಲ್ಲಿ ಬಿರುಕುಗಳನ್ನು ಹುಡುಕಿ. ಪದರಗಳನ್ನು ಅಡ್ಡ ಕತ್ತರಿಸುವ ಆ ಸೀಳುಗಳಲ್ಲಿ ನೀರು ನಿಂತಿರುತ್ತದೆ, ಜಲಪಾತದತ್ತ ಕಣ್ಣು ಕರೆದೊಯ್ಯುವ ಗೆರೆ ಅದೇ. ಬಾದಾಮಿಯ ಅಕ್ಕ-ತಂಗಿ ಜಲಪಾತಕ್ಕೆ ಇಷ್ಟು ಪುರುಸೊತ್ತಿಲ್ಲ. ಜೋರು ಮಳೆ ಬಿದ್ದ ಮೇಲೆ ಮಾತ್ರ ಹರಿಯುತ್ತದೆ, ಬೇಗ ಸೊರಗುತ್ತದೆ. ಆದರೆ ಒದ್ದೆಯಾದ ಕೆಂಪು ಬಂಡೆಯ ಬಣ್ಣಕ್ಕೆ ಅದೇ ಹೊತ್ತು ಸರಿ, ಅಗಸ್ತ್ಯ ತೀರ್ಥದ ದಂಡೆಯಿಂದ ಟೆಲಿ ಲೆನ್ಸಿನಲ್ಲಿ ನೀರಿನ ಗೆರೆ ಮತ್ತು ಬಂಡೆ ಎರಡನ್ನೇ ಹಿಡಿಯಬಹುದು.

ತುಂತುರು ಬೀಳುವಲ್ಲಿ ಫ್ರೇಮ್ ಕಟ್ಟಿ, ಫೋಕಸ್ ಮಾಡಿ, ಲೆನ್ಸಿಗೆ ಬಟ್ಟೆ ಮುಚ್ಚಿಟ್ಟು, ಗಾಳಿ ತಿರುಗಿದ ಕ್ಷಣ ತೆಗೆದು ಒತ್ತಿ. ಮೂರು ಒಣ ಮೈಕ್ರೋಫೈಬರ್ ಬಟ್ಟೆ ಬೇಕು, ಒಂದು ಹತ್ತೇ ನಿಮಿಷಕ್ಕೆ ನೆನೆಯುತ್ತದೆ. ಹರಿಯುವ ನೀರಿನಲ್ಲಿ ಟ್ರೈಪಾಡಿನ ತೆಳು ಕೊಳವೆ ನಡುಗುತ್ತದೆ; ದಪ್ಪ ಭಾಗವನ್ನಷ್ಟೇ ಬಳಸಿ, ಕಾಲು ಅಗಲಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿ, ನಡುಕ ತಡೆಯುವ ಸ್ಟೆಬಿಲೈಸೇಶನ್ ಆಫ್ ಮಾಡಿ. ಘಟಪ್ರಭೆಯಲ್ಲಿ ಮೇಲೆ ಹಿಡಕಲ್ ಜಲಾಶಯವಿದೆ, ಇಲ್ಲಿ ಬಿಸಿಲಿದ್ದರೂ ಅಲ್ಲಿಂದ ಬಿಟ್ಟ ನೀರು ಬರಬಹುದು. ಆದ್ದರಿಂದ ನಡುವಿನ ಬಂಡೆಗಳಿಗೆ ಇಳಿಯದೆ ದಡದಿಂದಲೇ ತೆಗೆಯಿರಿ. ಮನೆಗೆ ಬಂದ ದಿನವೇ ಟ್ರೈಪಾಡಿನ ಕಾಲುಗಳನ್ನು ಬಿಚ್ಚಿ ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಕೆಂಪು ನೀರಿನ ಸಣ್ಣ ಮರಳು ಲಾಕಿನೊಳಗೆ ಕೂತರೆ ಮುಂದಿನ ಸಲ ಕಾಲು ಜಗ್ಗಿದರೂ ಬರುವುದಿಲ್ಲ.