ತಿಪಟೂರಿನವರೆಗೆ ಪೆನ್ಸಿಲ್

ಗೀಚಬಾರದು ಎಂಬ ಷರತ್ತಿನ ಮೇಲೆಯೇ ತಂಗಿಯ ಮಗಳು ಆ ಕಾದಂಬರಿಯನ್ನು ನನ್ನ ಕೈಗೆ ಕೊಟ್ಟದ್ದು. ಅವಳ ಭಯಕ್ಕೆ ಕಾರಣವಿದೆ. ಮೂವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನು ನಾನು. ಮದುವೆಯ ಕರೆಯೋಲೆ ಬಂದರೂ ಮೊದಲು ಒತ್ತಕ್ಷರ ನೋಡುತ್ತೇನೆ, ಮುಹೂರ್ತ ಆಮೇಲೆ.

"ಇದರಲ್ಲಿ ಒಬ್ಬಳು ತನ್ನ ಆಕ್ಸಿಜನ್ ಮಷಿನ್‌ಗೆ ಫಿಲಿಪ್ ಎಂದು ಹೆಸರಿಟ್ಟಿದ್ದಾಳೆ ಮಾಮಾ," ಎಂದಳು. "ನಾವು ದೊಡ್ಡ ಮಾಮನ ಮಷಿನ್‌ಗೆ ಹೆಸರೇ ಇಡಲಿಲ್ಲ."

ಹೆಸರಿಡುವ ಪುರಸೊತ್ತು ಯಾರಿಗಿತ್ತು? ಅಣ್ಣ ಎಂಟು ತಿಂಗಳು ಅದರ ಪಕ್ಕದಲ್ಲಿ ಮಲಗಿದ್ದ. ಹಾಸಿಗೆಯಿಂದ ಪಡಸಾಲೆಯ ಹೊಸ್ತಿಲವರೆಗೆ ಕೊಳವೆ ಎಟುಕುತ್ತಿತ್ತು, ಹೊಸ್ತಿಲ ಆಚೆಯ ಲೋಕ ಅವನದಾಗಿರಲಿಲ್ಲ. ನಾನು ಮಾತಾಡದೆ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡೆ. ಮರುದಿನ ಧಾರವಾಡದಿಂದ ಬೆಂಗಳೂರಿಗೆ ಹಗಲು ರೈಲಿನಲ್ಲಿ ಹೋಗುವುದಿತ್ತು.

ಪುಸ್ತಕ ಜಾನ್ ಗ್ರೀನ್ ಬರೆದ 'ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್'. 2012ರಲ್ಲಿ ಬಂದದ್ದು, 2014ರಲ್ಲಿ ಇಂಗ್ಲಿಷ್ ಸಿನಿಮಾ ಆಯಿತು, 2020ರಲ್ಲಿ ಹಿಂದಿಯಲ್ಲಿ 'ದಿಲ್ ಬೇಚಾರಾ' ಆಯಿತು. ಹದಿಹರೆಯದವರ ಪ್ರೇಮಕಥೆ ಎಂದರೆ ನನಗೆ ಅಷ್ಟಕ್ಕಷ್ಟೆ. ಅದರಲ್ಲೂ ಕ್ಯಾನ್ಸರ್ ಬೇರೆ. ಓದುಗರ ಕಣ್ಣೀರಿಗೆ ಇದಕ್ಕಿಂತ ಸಲೀಸಾದ ದಾರಿ ಇಲ್ಲ ಎಂದುಕೊಂಡೇ ಕಿಟಕಿ ಪಕ್ಕ ಕುಳಿತೆ.

ಹಾವೇರಿ ದಾಟುವಷ್ಟರಲ್ಲಿ ಷರತ್ತು ಮುರಿದೆ.

ಇಂಡಿಯಾನಾಪೊಲಿಸ್‌ನ ಹೇಝೆಲ್‌ಗೆ ಹದಿನಾರು ವರ್ಷ. ಥೈರಾಯ್ಡ್ ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿದೆ. ಮೂಗಿಗೆ ನಳಿಕೆ, ಹಿಂದೆ ಗಾಲಿಯ ಮೇಲೆ ಸಿಲಿಂಡರು. ಅಗಸ್ಟಸ್‌ಗೆ ಹದಿನೇಳು. ಬಾಸ್ಕೆಟ್‌ಬಾಲ್ ಆಡುತ್ತಿದ್ದ ಹುಡುಗ, ಮೂಳೆಯ ಕ್ಯಾನ್ಸರಿಗೆ ಒಂದು ಕಾಲು ಕಳೆದುಕೊಂಡಿದ್ದಾನೆ. ಚರ್ಚಿನಲ್ಲಿ ರೋಗಿ ಮಕ್ಕಳು ಸೇರುವ ಕೂಟದಲ್ಲಿ ಇಬ್ಬರ ಭೇಟಿ. ಅದೇ ದಿನ ಹುಡುಗ ಸಿಗರೇಟನ್ನು ತುಟಿಗಿಡುತ್ತಾನೆ, ಹಚ್ಚುವುದಿಲ್ಲ. ಇದೊಂದು ರೂಪಕ, ಕೊಲ್ಲುವ ವಸ್ತುವನ್ನು ಹಲ್ಲಿನ ನಡುವೆ ಇಟ್ಟುಕೊಂಡೂ ಅದಕ್ಕೆ ಕೊಲ್ಲುವ ಅಧಿಕಾರ ಕೊಡುವುದಿಲ್ಲ ಎಂದು ವಿವರಿಸುತ್ತಾನೆ. ಜೇಬಿನಿಂದ ಪೆನ್ಸಿಲ್ ಹೊರಬಂತು. ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ರೂಪಕವನ್ನು ಮಾಡಿದವನೇ ನಿಂತು ಭಾಷ್ಯ ಹೇಳಿದರೆ ಓದುವವನಿಗೆ ಉಳಿಯುವುದೇನು?

ದಾವಣಗೆರೆಯ ಹೊತ್ತಿಗೆ ಒಂದು ಪರೀಕ್ಷೆ ಮಾಡಿದೆ. ನಾಟಕಗಳ ಕರಡು ನೋಡುವಾಗ ಕಲಿತದ್ದು ಇದು. ಮಾತಾಡಿದವರ ಹೆಸರಿನ ಮೇಲೆ ಹೆಬ್ಬೆರಳಿಟ್ಟು ಬರೀ ಮಾತನ್ನು ಓದಬೇಕು. ಓದಿದೆ. ಹುಡುಗಿ ಯಾರು, ಹುಡುಗ ಯಾರು, ಗೊತ್ತಾಗಲೇ ಇಲ್ಲ. ಇಬ್ಬರ ಬಾಯಲ್ಲೂ ಮೂವತ್ತು ದಾಟಿದ ಒಬ್ಬ ಜಾಣ ಲೇಖಕನೇ ಕುಳಿತಿದ್ದಾನೆ. ಅನಂತದ ಬಗ್ಗೆ, ವಿಸ್ಮೃತಿಯ ಬಗ್ಗೆ ಅಷ್ಟು ನಯವಾಗಿ ಮಾತಾಡುವ ಮಕ್ಕಳನ್ನು ನಾನಂತೂ ಕಂಡಿಲ್ಲ. ಹುಡುಗ ಬೇರೆ ತೀರಾ ಸರ್ವಗುಣಸಂಪನ್ನ. ಮತ್ತೊಂದು ಗುರುತು.

ಆದರೆ ಗೆಳೆಯ ಐಸಾಕ್‌ನ ಪ್ರಸಂಗದಲ್ಲಿ ಪೆನ್ಸಿಲ್ ಸುಮ್ಮನಿತ್ತು. ಕ್ಯಾನ್ಸರಿನಿಂದಾಗಿ ಅವನ ಉಳಿದೊಂದು ಕಣ್ಣನ್ನೂ ತೆಗೆಯಬೇಕು. ಅಷ್ಟರಲ್ಲಿ ಅವನ ಹುಡುಗಿ ಅವನನ್ನು ಬಿಟ್ಟು ಹೋಗುತ್ತಾಳೆ. ಅವನ ಸಿಟ್ಟಿಗೆ ಅಗಸ್ಟಸ್ ತಾನು ಗೆದ್ದ ಬಾಸ್ಕೆಟ್‌ಬಾಲ್ ಟ್ರೋಫಿಗಳನ್ನೇ ಕೊಡುತ್ತಾನೆ, ಒಡೆ ಎನ್ನುತ್ತಾನೆ. ಒಬ್ಬ ಒಡೆಯುತ್ತಾ ಹೋಗುತ್ತಾನೆ, ಉಳಿದಿಬ್ಬರು ತಮ್ಮ ಪಾಡಿಗೆ ಮಾತಾಡುತ್ತಾರೆ. ನಗಬೇಕೋ ಅಳಬೇಕೋ ತಿಳಿಯದ ಇಂಥ ಜಾಗಗಳಲ್ಲಿ ಗ್ರೀನ್ ನಿಜಕ್ಕೂ ಗಟ್ಟಿಗ.

ಬೀರೂರು ಹತ್ತಿರ ಕಥೆ ಆಮ್‌ಸ್ಟರ್‌ಡ್ಯಾಮಿಗೆ ಹೋಯಿತು. ತಾವು ಮೆಚ್ಚಿದ ಲೇಖಕನನ್ನು ಕಾಣಲು ಹೋದ ಮಕ್ಕಳಿಗೆ ಸಿಗುವುದು ಒಬ್ಬ ಕುಡುಕ, ಒರಟ. ಅಲ್ಲಿಂದ ಅವರು ದಿನಚರಿ ಬರೆದ ಯಹೂದಿ ಹುಡುಗಿ ಆನ್ ಫ್ರಾಂಕ್‌ಳ ಮನೆಗೆ ಹೋಗುತ್ತಾರೆ. 1942ರ ಜುಲೈನಿಂದ 1944ರ ಆಗಸ್ಟ್‌ವರೆಗೆ ಆ ಹುಡುಗಿಯ ಕುಟುಂಬ ನಾಜಿಗಳಿಂದ ಅಡಗಿದ್ದ ಜಾಗ, ಪುಸ್ತಕದ ಕಪಾಟಿನ ಹಿಂದಿನ ಕಡಿದಾದ ಮೆಟ್ಟಿಲು. ಏದುಸಿರು ಬಿಡುತ್ತಾ ಹೇಝೆಲ್ ಒಂದೊಂದೇ ಮೆಟ್ಟಿಲು ಹತ್ತುವುದನ್ನು ನಾನು ಉಸಿರು ಹಿಡಿದು ಓದಿದೆ. ನಮ್ಮ ಮನೆಯ ಮೂರು ಮೆಟ್ಟಿಲಿಗೆ ಅಣ್ಣ ಹಾಗೆಯೇ ಲೆಕ್ಕ ಹಾಕುತ್ತಿದ್ದ. ಮೇಲೆ ಹೋದವರು ಮುತ್ತಿಡುತ್ತಾರೆ. ಸುತ್ತಲಿದ್ದ ಪ್ರವಾಸಿಗರು ಚಪ್ಪಾಳೆ ತಟ್ಟುತ್ತಾರೆ! ಇಲ್ಲಿ ಪೆನ್ಸಿಲಿನ ಮೊನೆ ಮುರಿಯುವಷ್ಟು ಜೋರಾಗಿ ಗೆರೆ ಎಳೆದೆ.

ಅರಸೀಕೆರೆಯಲ್ಲಿ ಚಹಾ ಕುಡಿದು ಮತ್ತೆ ತೆರೆದಾಗ ಹುಡುಗನ ಕ್ಯಾನ್ಸರ್ ಮರುಕಳಿಸಿಯಾಗಿತ್ತು. ಸಾಯುವವಳು ಹುಡುಗಿ ಎಂದು ನಾವು ನಂಬಿರುವಾಗ ಕಥೆ ಮಗ್ಗುಲು ಬದಲಿಸುತ್ತದೆ. ಒಂದು ಅಪರಾತ್ರಿ ಅವನಿಂದ ಅವಳಿಗೆ ಫೋನ್. ಹೋಗಿ ನೋಡಿದರೆ ಪೆಟ್ರೋಲ್ ಬಂಕಿನಲ್ಲಿ, ಕಾರಿನೊಳಗೆ, ವಾಂತಿ ಮಾಡಿಕೊಂಡು ಕುಳಿತಿದ್ದಾನೆ. ಹೊಟ್ಟೆಗೆ ಹಾಕಿದ ಕೊಳವೆಯ ಜಾಗ ಕೀವಾಗಿದೆ. ಯಾಕೆ ಬಂದೆ ಎಂದರೆ, ಸಿಗರೇಟು ಕೊಳ್ಳಲು. ಯಾರನ್ನಾದರೂ ಕಳಿಸಿದ್ದರೆ ತರುತ್ತಿದ್ದರು, ಆದರೆ ಇದೊಂದು ಸಣ್ಣ ಕೆಲಸವನ್ನಾದರೂ ತಾನೇ ಮಾಡಬೇಕೆಂದಿದ್ದ. ಆಂಬುಲೆನ್ಸ್ ಕರೆಯಬೇಡ ಎಂದು ಅಳುತ್ತಾನೆ. ಅವಳು ಕರೆಯುತ್ತಾಳೆ.

ಹಾವೇರಿಯ ಪ್ರಶ್ನಾರ್ಥಕ ಚಿಹ್ನೆ ನೆನಪಾಯಿತು. ಅದೇ ಸಿಗರೇಟು, ಅದೇ ರೂಪಕ. ಲೇಖಕ ಅದನ್ನು ಅಲ್ಲಿ ಇಟ್ಟದ್ದು ಇಲ್ಲಿ ಕೆಡವುವುದಕ್ಕೆ. ಹುಡುಗನ ದೊಡ್ಡ ಮಾತುಗಳೆಲ್ಲ ಹೆದರಿದವನು ತೊಟ್ಟುಕೊಂಡ ಕೋಟು. ಅದು ಕಳಚಿ ಬಿದ್ದಾಗ ಒಳಗೆ ನಡುಗುವ ಒಂದು ಮೈ ಇತ್ತು.

ಅಣ್ಣನೂ ಮಾತುಗಾರನೇ. ನೋಡಲು ಬಂದವರೆದುರು, "ನನ್ನ ಉಸಿರಿಗೂ ಈಗ ಕರೆಂಟ್ ಬಿಲ್ ಬರುತ್ತದೆ," ಎಂದು ನಗಿಸುತ್ತಿದ್ದ. ನಾನೂ ನಗುತ್ತಿದ್ದೆ. ಒಂದು ಬೆಳಗಿನ ಜಾವ ಸದ್ದಾಗಿ ಎದ್ದು ನೋಡಿದರೆ ಮೂಗಿನ ನಳಿಕೆ ತೆಗೆದಿಟ್ಟು, ಗೋಡೆ ಹಿಡಿದು, ಬಚ್ಚಲಿಗೆ ಹೋಗಲು ಹೊರಟು ನಡುವೆಯೇ ಕುಸಿದಿದ್ದ. ಕರೆಯಬಾರದೇ ಎಂದು ರೇಗಿದೆ. "ಇಷ್ಟಕ್ಕೂ ನೀನೇ ಬೇಕೇನು?" ಎಂದ. ಕೆನ್ನೆಯ ಮೇಲೆ ನಳಿಕೆಯ ಗೆರೆ ಹಾಗೇ ಮೂಡಿತ್ತು.

ಅಲ್ಲಿಂದ ಮುಂದಿನದನ್ನು ತಿದ್ದುವವನ ಕಣ್ಣಿಂದ ಓದಲಾಗಲಿಲ್ಲ. ಹಾಗೆಂದು ಎಲ್ಲ ತಪ್ಪನ್ನೂ ಮಾಫಿ ಮಾಡಿದೆ ಎಂದಲ್ಲ. ಆ ಕುಡುಕ ಲೇಖಕ ಸಾಗರ ದಾಟಿ ಹುಡುಗನ ಅಂತ್ಯಕ್ರಿಯೆಗೆ ಬಂದು ನಿಲ್ಲುವುದು ಕಟ್ಟುಕಥೆಯೇ ಸರಿ. ಪುಸ್ತಕದ ಹೆಸರೂ ಅಷ್ಟೆ, ಒಂದು ತಕರಾರು. ಶೇಕ್ಸ್‌ಪಿಯರ್‌ನ 'ಜೂಲಿಯಸ್ ಸೀಸರ್' ನಾಟಕದಲ್ಲಿ ಕ್ಯಾಸಿಯಸ್, ತಪ್ಪು ನಕ್ಷತ್ರಗಳದ್ದಲ್ಲ, ನಮ್ಮದೇ ಎನ್ನುತ್ತಾನೆ. ಗ್ರೀನ್ ಅದನ್ನು ತಿರುಗಿಸಿ, ಎಲ್ಲ ತಪ್ಪೂ ನಮ್ಮದಲ್ಲ ಎನ್ನುತ್ತಾರೆ. ಅದಕ್ಕೆ ಇಷ್ಟೆಲ್ಲ ಸುತ್ತು ಬಳಸಬೇಕೇ? ನಮ್ಮ ಅವ್ವ ಗ್ರಹಚಾರ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು.

ಅವ್ವನ ಮಾತು ಬಂದದ್ದಕ್ಕೂ ಕಾರಣವಿದೆ. ಪ್ರೇಮಕಥೆ ಎಂದು ಮಾರಾಟವಾಗುವ ಈ ಪುಸ್ತಕದಲ್ಲಿ ನನಗೆ ಎಲ್ಲಕ್ಕಿಂತ ನಿಜವೆನಿಸಿದ್ದು ಹೇಝೆಲ್‌ಳ ಅಪ್ಪ ಅಮ್ಮ. ಹಿಂದೊಮ್ಮೆ ಮಗಳು ಐಸಿಯುನಲ್ಲಿದ್ದಾಗ, ಇನ್ನು ನಾನು ತಾಯಿಯಾಗಿರುವುದಿಲ್ಲ ಎಂದು ಅಮ್ಮ ಅತ್ತದ್ದು ಮಗಳ ಕಿವಿಗೆ ಬಿದ್ದಿರುತ್ತದೆ. ಮಗಳು ಅದನ್ನು ವರ್ಷಗಟ್ಟಲೆ ಒಳಗೇ ಇಟ್ಟುಕೊಂಡಿದ್ದು ಒಂದು ಜಗಳದಲ್ಲಿ ಹೊರಗೆಡಹುತ್ತಾಳೆ. ಆಗ ತಿಳಿಯುವುದು, ಅಮ್ಮ ಗುಟ್ಟಾಗಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿಗೆ ಓದುತ್ತಿದ್ದಾಳೆ. ಮಗಳ ನಂತರದ ಬದುಕಿಗೆ ಸಿದ್ಧಳಾಗುವುದು ಮಗಳಿಗೆ ಬಗೆದ ದ್ರೋಹ ಎಂಬಂತೆ ಬಚ್ಚಿಟ್ಟಿದ್ದಾಳೆ. ಮಗಳಿಗೋ ಹಿಗ್ಗು. ಹಾಗೆ ಓದಲು ಅವ್ವನಿಗೆ ಯಾವ ಪದವಿಯೂ ಇರಲಿಲ್ಲ. ಅಣ್ಣ ಹೋಗಿ ಎರಡು ವರ್ಷವಾದರೂ ಕರೆಂಟ್ ಹೋದ ತಕ್ಷಣ ಅವಳು ಮಷಿನ್ ಇದ್ದ ಮೂಲೆಯ ಕಡೆ ಎರಡು ಹೆಜ್ಜೆ ಇಟ್ಟು ನಿಲ್ಲುತ್ತಿದ್ದಳು.

ವಾರ ಕಳೆದು ಪುಸ್ತಕ ಮರಳಿಸಿದೆ. ಗುರುತುಗಳನ್ನು ರಬ್ಬರಿನಿಂದ ಅಳಿಸಿದ್ದೆ, ಆದರೆ ಒತ್ತಿ ಬರೆಯುವ ಕೈಯ ಅಚ್ಚು ಎಲ್ಲಿಗೆ ಹೋಗುತ್ತದೆ? ಹುಡುಗಿ ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದಳು.

"ಆನ್ ಫ್ರಾಂಕ್ ಮನೆಯ ಮುತ್ತು ತಪ್ಪೇ? ಆನ್ ತನ್ನ ಮೊದಲ ಮುತ್ತಿನ ವಿಷಯ ದಿನಚರಿಯಲ್ಲಿ ಬರೆದದ್ದು ಅದೇ ಮನೆಯಲ್ಲಿ ಕುಳಿತು, 1944ರ ಏಪ್ರಿಲ್‌ನಲ್ಲಿ. ಓದಿಲ್ಲವೇ ನೀನು?"

ಓದಿದ್ದೆ, ಮರೆತಿದ್ದೆ. "ಮುತ್ತಿಗೆ ನನ್ನ ತಕರಾರಿಲ್ಲ. ಚಪ್ಪಾಳೆಗೆ," ಎಂದೆ.

"ಚಪ್ಪಾಳೆ ನನಗೂ ಸೇರಲಿಲ್ಲ," ಎಂದು ಒಪ್ಪಿಕೊಂಡಳು. ಮತ್ತೆ ಪುಟ ಮಗುಚುತ್ತಾ ಹೋಗಿ ಪೆಟ್ರೋಲ್ ಬಂಕಿನ ಹತ್ತಿರ ನಿಂತಳು. "ಇಲ್ಲಿಂದಾಚೆಗೆ ಒಂದೂ ಗೆರೆ ಇಲ್ಲವಲ್ಲ ಮಾಮಾ. ನಿದ್ದೆ ಬಂತೇ?"

"ತಿಪಟೂರು ಬಂತು," ಎಂದೆ.