ಮೂಲ ಆಲ್ಬಂ ಬಿಟ್ಟು ಸಂಕಲನವನ್ನೇ ಯಾಕೆ ಕೊಳ್ಳಬೇಕು?

ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ‘ಕಂಟ್ರಿ’ ಶೈಲಿಯ ಗಾಯಕ ಹ್ಯಾಂಕ್ ವಿಲಿಯಮ್ಸ್‌ನ ಹಾಡು ಮೊದಲ ಸಲ ಕಿವಿಗೆ ಬಿದ್ದವರೆಲ್ಲ ಕೇಳುತ್ತಾರೆ: ‘ಇವನ ಯಾವ ರೆಕಾರ್ಡ್ ಕೊಳ್ಳಲಿ?’ 1978ರಲ್ಲಿ ಬಂದ ‘40 ಗ್ರೇಟೆಸ್ಟ್ ಹಿಟ್ಸ್’ ಎಂಬ ಜೋಡಿ ಎಲ್‌ಪಿ (ಮುಖಕ್ಕೆ ಹಲವು ಹಾಡು ಹಿಡಿಸುವ ರೆಕಾರ್ಡ್) ಎನ್ನುತ್ತೇನೆ. ಅವರಿಗೆ ಸಮಾಧಾನವಾಗುವುದಿಲ್ಲ. ‘ಅದು ಸಂಕಲನ ತಾನೇ? ಅಸಲಿ ಆಲ್ಬಂ ಹೇಳಿ’ ಎನ್ನುತ್ತಾರೆ.

ಹ್ಯಾಂಕ್‌ನ ಮಟ್ಟಿಗೆ ಅಸಲಿ ಎಂದರೆ ಬಿಡಿ ಹಾಡುಗಳೇ. ಅವನು ಹಾಡಿದ್ದು ಮುಖಕ್ಕೊಂದು ಹಾಡಿನ ಗ್ರಾಮಫೋನ್ ಪ್ಲೇಟುಗಳಿಗೆ. ಅವು ಕಾಸು ಹಾಕಿದರೆ ಹಾಡುವ ಜ್ಯೂಕ್‌ಬಾಕ್ಸಿನಲ್ಲಿ, ರೇಡಿಯೋದಲ್ಲಿ ಮೊಳಗಿ ಊರೂರು ತಲುಪಿದವು. ಅವನ ರೆಕಾರ್ಡ್ ಕಂಪನಿ ಎಂಜಿಎಂ 1951 ಮತ್ತು 52ರಲ್ಲಿ ಅವನ ಹೆಸರಿನಲ್ಲಿ ಹತ್ತಿಂಚಿನ ಎಲ್‌ಪಿಗಳನ್ನು ತಂದದ್ದುಂಟು. ಆದರೆ ಅವನ ಸಾಧನೆಯ ಹರವು ಅಷ್ಟರಲ್ಲಿ ಸಿಗುವುದಿಲ್ಲ.

ನಾನು ಹಟ ಹಿಡಿಯಲು ಇನ್ನೂ ದೊಡ್ಡ ಕಾರಣವಿದೆ. 1953ರ ಜನವರಿ 1ರಂದು, ಕಾರ್ಯಕ್ರಮಕ್ಕೆ ಹೋಗುವ ದಾರಿಯಲ್ಲಿ, ಕಾರಿನ ಹಿಂದಿನ ಸೀಟಿನಲ್ಲೇ ಹ್ಯಾಂಕ್ ತೀರಿಕೊಂಡ. ವಯಸ್ಸು 29. ಆಮೇಲೆ ಅವನ ಧ್ವನಿಯನ್ನು ಕಾಲಕ್ಕೆ ತಕ್ಕಂತೆ ‘ತಿದ್ದುವ’ ಕೆಲಸ ಶುರುವಾಯಿತು. 60ರ ದಶಕದಲ್ಲಿ ಹಳೆಯ ಮೋನೋ (ಒಂದೇ ವಾಹಿನಿಯ) ಧ್ವನಿಮುದ್ರಣಗಳನ್ನು ಕೃತಕವಾಗಿ ಸ್ಟೀರಿಯೋ (ಎಡ-ಬಲ ಎರಡು ವಾಹಿನಿಯ) ಮಾಡಿದರು, ಹಾಡುಗಳ ಮೇಲೆ ವಯೊಲಿನ್‌ಗಳ ದಂಡನ್ನೇ ಹೇರಿದರು. ಹೊಸ ಕೇಳುಗರಿಗೆ ವರ್ಷಗಟ್ಟಲೆ ಸಿಕ್ಕಿದ್ದು ಹೆಚ್ಚಾಗಿ ಇಂಥವೇ. 1978ರ ಈ ಸಂಕಲನ ಆ ಹೇರಿಕೆಯನ್ನೆಲ್ಲ ಬದಿಗಿಟ್ಟು ಮೂಲ ಮೋನೋವನ್ನೇ ಕೊಟ್ಟಿತು. ಹಾಗಾಗಿ ‘ಬರೀ ಸಂಕಲನ’ ಎಂದು ಯಾರಾದರೂ ಅಂದರೆ ನನಗೆ ನಿಜಕ್ಕೂ ನೋವಾಗುತ್ತದೆ.

ಹಾಗೆ ಹೇರಿದ್ದರಿಂದ ಏನು ಮುಚ್ಚಿಹೋಗಿತ್ತು? 1949ರ ‘ಐಯಾಮ್ ಸೋ ಲೋನ್ಸಮ್ ಐ ಕುಡ್ ಕ್ರೈ’ ಹಾಕಿ ಕೇಳಿ. ಸಿನ್ಸಿನಾಟಿಯಲ್ಲಿ ಮುದ್ರಿಸಿದ್ದು, ಮೂರು ಮಾತ್ರೆಯ ನಿಧಾನ ನಡೆ. ಡ್ರಮ್ ಇಲ್ಲ, ಗಿಟಾರಿನ ಮೊಟಕು ಮೀಟುಗಳೇ ತಾಳ ಹಿಡಿದಿವೆ. ಮೇಲೆ ಸ್ಟೀಲ್ ಗಿಟಾರ್ ಎಳೆಯೆಳೆಯಾಗಿ ಜಾರುತ್ತದೆ. ಹ್ಯಾಂಕ್ ಸಾಲಿನ ಕೊನೆಗೆ ಬಂದಾಗ ದನಿ ಒಂಚೂರು ಒಡೆಯುತ್ತದಲ್ಲ, ಅದು ಕೇಳಬೇಕಾದರೆ ಸುತ್ತ ಜಾಗ ಬೇಕು. ಅಲ್ಲಿ ಹತ್ತಾರು ವಯೊಲಿನ್ ತುಂಬಿದರೆ ಒಬ್ಬಂಟಿತನದ ಹಾಡಿಗೆ ಉಳಿಯುವುದೇನು?

ಅವನಿಗೆ ಚಿಕ್ಕಂದಿನಲ್ಲಿ ಗಿಟಾರ್ ಹೇಳಿಕೊಟ್ಟದ್ದು ಅಲಬಾಮಾದ ಬೀದಿಗಳಲ್ಲಿ ಹಾಡುತ್ತಿದ್ದ ಕಪ್ಪು ಕಲಾವಿದ ರೂಫಸ್ ಪೇನ್. ಅಮೆರಿಕದ ಕಪ್ಪು ಜನರ ನೋವಿನ ಹಾಡು ಬ್ಲೂಸ್‌ನ ಆ ಬೇರು ‘ಲವ್‌ಸಿಕ್ ಬ್ಲೂಸ್’ ಥರದ ಬೇರೆಯವರ ರಚನೆಯಲ್ಲೂ ಕಾಣುತ್ತದೆ. 1920ರ ದಶಕದ ಆ ಹಳೇ ಹಾಡನ್ನು ಹ್ಯಾಂಕ್ ತನ್ನದೇ ಮಾಡಿಕೊಂಡ. 1949ರಲ್ಲಿ ಅವನನ್ನು ನ್ಯಾಶ್‌ವಿಲ್‌ನ ಹೆಸರಾಂತ ಕಂಟ್ರಿ ಸಂಗೀತ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಆಪ್ರಿಯ ವೇದಿಕೆಗೆ ಕರೆದೊಯ್ದದ್ದೂ ಅದೇ. ಅದೇ ಸಂಕಲನದ ‘ಯುವರ್ ಚೀಟಿನ್ ಹಾರ್ಟ್’ 1952ರ ಸೆಪ್ಟೆಂಬರ್ 23ರಂದು, ಅವನ ಕೊನೆಯ ಸ್ಟುಡಿಯೋ ಮುದ್ರಣದ ದಿನ ಹಾಡಿದ್ದು. ಆಪ್ರಿ ವೇದಿಕೆಗೂ ಆ ದಿನಕ್ಕೂ ನಡುವೆ ಮೂರು ವರ್ಷ ಚಿಲ್ಲರೆ, ಅಷ್ಟೇ.

ಹಳೆಯ ರೆಕಾರ್ಡ್ ಅಂಗಡಿಗೆ ಹೋದರೆ ಕವರಿನ ಹಿಂಬದಿ ಓದಿ. ಮೋನೋವನ್ನು ಸ್ಟೀರಿಯೋಗೆ ಪರಿವರ್ತಿಸಿದ್ದೇವೆ ಎಂದೋ, ‘ವಿತ್ ಸ್ಟ್ರಿಂಗ್ಸ್’ (ಅಂದರೆ ವಯೊಲಿನ್ ಥರದ ವಾದ್ಯಗಳ ಜೊತೆ) ಎಂದೋ ಇದ್ದರೆ ಕಡಿಮೆ ಬೆಲೆಗೆ ಸಿಕ್ಕರೂ ಬೇಡ. ಈ ನಲವತ್ತು ಮುಗಿದ ಮೇಲೆ 1951ರಲ್ಲಿ ಹಿಟ್ಟಿನ ಕಂಪನಿಯೊಂದರ ಪ್ರಾಯೋಜಕತ್ವದಲ್ಲಿ ಅವನು ನಡೆಸಿದ ಬೆಳಗಿನ ರೇಡಿಯೋ ಕಾರ್ಯಕ್ರಮಗಳನ್ನು ಹುಡುಕಿ. ಅವೂ ಈಗ ಸಿಗುತ್ತವೆ, ಹಾಡಿನ ನಡುವೆ ಅವನ ಮಾತೂ ಇದೆ.