1415 ದಿನವಹಿ: ಪ್ರಗತಿ ಟಿಪ್ಪಣಿ, ಎರಡನೇ ಕಂತು

ಯೂರೋಪಿನ 1415ನೇ ಇಸವಿಯನ್ನು ದಿನಕ್ಕೊಂದು ಸಾಲಿನಂತೆ ಸ್ಪ್ರೆಡ್‌ಶೀಟ್‌ಗೆ ಇಳಿಸುವ ಕೆಲಸ ಇದು. ಕಾನ್‌ಸ್ಟಾನ್ಸ್‌ನ ಚರ್ಚ್ ಮಹಾಸಭೆ (ಒಂದೇ ಕಾಲಕ್ಕೆ ಪೋಪ್ ಎನ್ನಿಸಿಕೊಳ್ಳುತ್ತಿದ್ದ ಮೂವರ ಜಗಳ ಬಗೆಹರಿಸಲು ಸೇರಿದ್ದು), ಇಂಗ್ಲೆಂಡಿನ ದೊರೆ ಐದನೇ ಹೆನ್ರಿಯ ಫ್ರಾನ್ಸ್ ದಂಡಯಾತ್ರೆ, ಉತ್ತರ ಆಫ್ರಿಕಾದ ಸ್ಯೂಟಾ ಊರಿನ ಮೇಲೆ ಪೋರ್ಚುಗೀಸರ ದಾಳಿ, ಈ ಮೂರರ ಪಟ್ಟಿಗಳು ಬಿಡಿಬಿಡಿಯಾಗಿ ಸಿದ್ಧವಿದ್ದವು. ಈ ಕಂತಿನಲ್ಲಿ ಮೂರನ್ನೂ ಒಂದೇ ಹಾಳೆಗೆ ತಂದಾಗಿದೆ. ತಂದ ಮೇಲೆ ಎದುರಾಗುವ ಮೊದಲ ತಲೆನೋವು ಯುದ್ಧದ್ದಲ್ಲ, ಧರ್ಮದ್ದೂ ಅಲ್ಲ. ಹೊಸ ವರ್ಷ ಯಾವತ್ತು ಶುರುವಾಗುತ್ತದೆ ಅನ್ನುವುದು.

ಒಂದೇ ದಿನ, ಮೂರು ಇಸವಿ

ಮಾರ್ಚ್ 20ನ್ನೇ ತೆಗೆದುಕೊಳ್ಳಿ. ಪೋಪ್ ಇಪ್ಪತ್ತಮೂರನೇ ಜಾನ್, ಅಂದರೆ ಬಾಲ್ದಸ್ಸಾರೆ ಕೊಸ್ಸಾ, ಊರಿನವರೆಲ್ಲ ಕುದುರೆ ಸವಾರರ ಕಾಳಗದ ಪಂದ್ಯ ನೋಡುತ್ತಿದ್ದಾಗ ಕುದುರೆ ಆಳಿನ ವೇಷ ಹಾಕಿ ಕಾನ್‌ಸ್ಟಾನ್ಸ್‌ನಿಂದ ಶಾಫ್‌ಹೌಸನ್‌ಗೆ ಪರಾರಿಯಾದ ದಿನ. ವರ್ಷವನ್ನು ಕ್ರಿಸ್ಮಸ್‌ನಿಂದ ಎಣಿಸುವ ಜರ್ಮನ್ ನಾಡಿನಲ್ಲಿ ಅದು 1415. ಇಂಗ್ಲೆಂಡಿನಲ್ಲಿ ಮತ್ತು ಫ್ಲಾರೆನ್ಸ್‌ನಲ್ಲಿ ವರ್ಷ ಹುಟ್ಟುವುದು ಮಾರ್ಚ್ 25ಕ್ಕೆ. ಆದ್ದರಿಂದ ಅಲ್ಲಿ ಇನ್ನೂ 1414. ಪ್ಯಾರಿಸ್‌ನಲ್ಲೂ 1414, ಏಕೆಂದರೆ ಅಲ್ಲಿ ಹೊಸ ವರ್ಷಕ್ಕೆ ಈಸ್ಟರ್ ಬರಬೇಕು. ಪೋರ್ಚುಗಲ್ 1422ರವರೆಗೂ ಹಳೆಯ ಸ್ಪ್ಯಾನಿಷ್ ಶಕೆಯನ್ನೇ ಬಳಸುತ್ತಿತ್ತು; ಅದಕ್ಕೂ ಕ್ರಿಸ್ತಶಕಕ್ಕೂ 38 ವರ್ಷದ ಅಂತರ. ಹಾಗಾಗಿ ಅಲ್ಲಿನ ದಾಖಲೆಯಲ್ಲಿ ಅದು 1453! ಇದನ್ನು ಕಳೆಯದೆ ಹಾಗೇ ತುಂಬಿದರೆ ಸ್ಯೂಟಾ ದಾಳಿ ಹೋಗಿ ಕಾನ್‌ಸ್ಟಾಂಟಿನೋಪಲ್ ಪತನದ ಪಕ್ಕ ಕೂರುತ್ತದೆ.

ಎಲ್ಲಕ್ಕಿಂತ ಕಾಡುವುದು ಫ್ರಾನ್ಸ್. 1415ರ ಈಸ್ಟರ್ ಮಾರ್ಚ್ 31ಕ್ಕೆ, 1416ರದು ಏಪ್ರಿಲ್ 19ಕ್ಕೆ. ಅಂದರೆ ಫ್ರೆಂಚರ 1415 ಒಟ್ಟು 385 ದಿನ ನಡೆಯಿತು, ಮಾರ್ಚ್ 31ರಿಂದ ಏಪ್ರಿಲ್ 18ರವರೆಗಿನ 19 ತಾರೀಖುಗಳು ಅದರಲ್ಲಿ ಎರಡೆರಡು ಸಲ ಬಂದವು. ‘1415 ಏಪ್ರಿಲ್ 10’ ಎಂದಷ್ಟೇ ಇರುವ ಫ್ರೆಂಚ್ ಪತ್ರದಲ್ಲಿ ‘ಈಸ್ಟರ್‌ಗೆ ಮುಂಚೆ’ ಅಥವಾ ‘ಈಸ್ಟರ್ ನಂತರ’ ಎಂಬ ಮಾತು ಇದೆಯೇ ನೋಡಬೇಕು. ಇಲ್ಲದಿದ್ದರೆ ವಾರ, ಇಲ್ಲವೇ ಪತ್ರದೊಳಗಿನ ಘಟನೆಯೇ ಗತಿ. ಎರಡೂ ಸಿಗದಿದ್ದರೆ ಆ ಪತ್ರವನ್ನು ಎರಡೂ ದಿನಕ್ಕೆ ಹಾಕಿ ‘ಸಂದಿಗ್ಧ’ ಎಂದು ಗುರುತು ಮಾಡುತ್ತೇವೆ. ಒಂದನ್ನು ಊಹಿಸಿ ಆರಿಸುವುದಿಲ್ಲ.

ದಿನಸಂಖ್ಯೆಯ ಕಾಲಂ

ಎಕ್ಸೆಲ್ 1900ಕ್ಕೆ ಹಿಂದಿನ ದಿನಾಂಕವನ್ನು ದಿನಾಂಕ ಎಂದು ಗುರುತಿಸುವುದಿಲ್ಲ. ಬರೀ ಅಕ್ಷರವೆಂದು ಇಟ್ಟುಕೊಳ್ಳುತ್ತದೆ, ಸಾರ್ಟ್ ಮಾಡಿದರೆ ಎಲ್ಲ ಚೆಲ್ಲಾಪಿಲ್ಲಿ. ಅದಕ್ಕೇ ಮೊದಲ ಕಾಲಂನಲ್ಲಿ ಖಗೋಳದವರು ಬಳಸುವ ಜೂಲಿಯನ್ ದಿನಸಂಖ್ಯೆ, ಅಂದರೆ ತಿಂಗಳು, ವರ್ಷದ ಗೊಡವೆಯಿಲ್ಲದೆ ದಿನಗಳನ್ನು ಒಂದೇ ಸರಣಿಯಲ್ಲಿ ಎಣಿಸಿದ ಸಂಖ್ಯೆ. ಈ ವರ್ಷಕ್ಕೆ ಲೆಕ್ಕ ಸುಲಭ: ಜನವರಿ 1ರಿಂದ ಎಷ್ಟನೇ ದಿನವೋ ಅದಕ್ಕೆ 2237886 ಕೂಡಿಸಿ. ಅಕ್ಟೋಬರ್ 25 ಅಂದರೆ 298ನೇ ದಿನ, ಆದ್ದರಿಂದ 2238184. ಇದನ್ನು 7ರಿಂದ ಭಾಗಿಸಿದಾಗ ಶೇಷ 0 ಬಂದರೆ ಸೋಮವಾರ, 1 ಬಂದರೆ ಮಂಗಳವಾರ, ಹೀಗೆ. ಇಲ್ಲಿ ಶೇಷ 4, ಶುಕ್ರವಾರ. ಹೆನ್ರಿ ಫ್ರೆಂಚರನ್ನು ಸೋಲಿಸಿದ ಅಜಿಂಕೋರ್ಟ್ ಯುದ್ಧ ನಡೆದದ್ದು ಶುಕ್ರವಾರವೇ.

ಶಾಸನ ಓದುವವರಿಗೆ ಈ ವಾರದ ತಾಳೆ ಹೊಸದಲ್ಲ. ಶಕ 1337, ಮನ್ಮಥ ಸಂವತ್ಸರ ಎಂದಿದ್ದರೆ ತಿಥಿ-ವಾರ ಕೂಡುತ್ತದೆಯೇ ಎಂದು ನೋಡದೆ ಯಾರೂ ಮುಂದೆ ಹೋಗುವುದಿಲ್ಲ. ಅದೇ ಶಿಸ್ತು ಇಲ್ಲೂ.

ಗಟ್ಟಿ ಮೊಳೆ ಹೊಡೆದದ್ದು ಜೂನ್ 7ಕ್ಕೆ. ಚರ್ಚನ್ನು ಟೀಕಿಸಿ ಮಹಾಸಭೆಯ ಕಟಕಟೆಗೆ ಬಂದ ಬೊಹೀಮಿಯದ ಪಾದ್ರಿ ಯಾನ್ ಹುಸ್‌ನ ಎರಡನೇ ವಿಚಾರಣೆ ಆ ದಿನ, ಮತ್ತು ಅಂದೇ ಬೆಳಗ್ಗೆ ಸೂರ್ಯಗ್ರಹಣ. ಖಗೋಳ ತಂತ್ರಾಂಶದಲ್ಲಿ ಹಾಕಿದಾಗ ಗ್ರಹಣ ಸಿಗಬೇಕಾದ ದಿನಸಂಖ್ಯೆ 2238044. ಜೂನ್ 16 ಎಂದು ತೋರಿಸಿದರೆ ಗಾಬರಿ ಬೇಡ, ತಂತ್ರಾಂಶ ಅಂದಿನ ಜೂಲಿಯನ್ ಕ್ಯಾಲೆಂಡರ್‌ನಿಂದ ಇಂದಿನ ಗ್ರೆಗೋರಿಯನ್‌ಗೆ ಬದಲಾಯಿಸಿದೆ ಅಷ್ಟೆ. ಆ ಶತಮಾನದಲ್ಲಿ 9 ದಿನದ ವ್ಯತ್ಯಾಸ. ನಮ್ಮ ಹಾಳೆಯಲ್ಲಿ ಗ್ರೆಗೋರಿಯನ್ ಕಾಲಂ ಇಲ್ಲವೇ ಇಲ್ಲ. ಹೊತ್ತು ಮೂಡುವ ಸಮಯ ನೋಡುವಾಗ ಮಾತ್ರ 9 ಸೇರಿಸಿಕೊಳ್ಳುತ್ತೇವೆ.

ರೋಮನ್ ಎಣಿಕೆ, ಹಬ್ಬದ ಎಣಿಕೆ

ಲ್ಯಾಟಿನ್ ಪತ್ರಗಳು ತಿಂಗಳನ್ನು ಹಿಂದಿನಿಂದ ಎಣಿಸುತ್ತವೆ, ಎರಡೂ ತುದಿಯನ್ನು ಸೇರಿಸಿಕೊಂಡು. ಕ್ಯಾಲೆಂಡ್ಸ್ ಅಂದರೆ ತಿಂಗಳ 1ನೇ ತಾರೀಖು. ‘ನವೆಂಬರ್ ಕ್ಯಾಲೆಂಡ್ಸ್‌ಗೆ 8’ ಅಂದರೆ ಅಕ್ಟೋಬರ್‌ನ 31 ದಿನಕ್ಕೆ 2 ಕೂಡಿಸಿ 8 ಕಳೆಯಬೇಕು: 25. ಆ 2ನ್ನು ಮರೆತರೆ ಯುದ್ಧ ಎರಡು ದಿನ ಮೊದಲೇ ಮುಗಿದಿರುತ್ತದೆ. ಈ ಎಣಿಕೆಯ ಇನ್ನೊಂದು ಗುರುತಿನ ದಿನ ‘ನೋನ್ಸ್’ ಸಾಮಾನ್ಯವಾಗಿ 5ಕ್ಕೆ, ಆದರೆ ಮಾರ್ಚ್, ಮೇ, ಜುಲೈ, ಅಕ್ಟೋಬರ್‌ಗಳಲ್ಲಿ 7ಕ್ಕೆ. ಹುಸ್‌ನನ್ನು ಸುಟ್ಟ ಜುಲೈ 6, ಶನಿವಾರ, ನೋನ್ಸ್‌ನ ಹಿಂದಿನ ದಿನ. ಹಬ್ಬದ ‘ಎಂಟನೇ ದಿನ’ ಎಂದಿದ್ದರೆ ಸೇರಿಸಬೇಕಾದ್ದು 7, ಎಂಟಲ್ಲ.

ಜನರ ಹಾಳೆ

ಹೆಸರಿನಿಂದ ಹುಡುಕುವ ಆಸೆ ಬಿಟ್ಟಾಗಿದೆ. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ, ಬಿರುದಿಗೆ ಬೇರೆ ಕಾಲಂ, ಬಿರುದು ಯಾವ ದಿನದಿಂದ ಯಾವ ದಿನದವರೆಗೆ ಎಂಬುದಕ್ಕೆ ಇನ್ನೆರಡು. ಕಾರಣ, ಸಫೋಕ್ ಅರ್ಲ್ ಮೈಕೆಲ್ ಡಿ ಲಾ ಪೋಲ್ ಫ್ರಾನ್ಸಿನ ಬಂದರು ಹಾರ್ಫ್ಲರ್‌ನ ಮುತ್ತಿಗೆಯಲ್ಲಿ ರಕ್ತಭೇದಿಯಿಂದ ಸೆಪ್ಟೆಂಬರ್‌ನಲ್ಲಿ ಸತ್ತ. ಸಫೋಕ್ ಅರ್ಲ್ ಮೈಕೆಲ್ ಡಿ ಲಾ ಪೋಲ್ ಅಕ್ಟೋಬರ್ 25ರಂದು ಅಜಿಂಕೋರ್ಟ್‌ನಲ್ಲಿ ಸತ್ತ. ಅಪ್ಪ, ಮಗ. ನಕಲು ಸಾಲು ಅಳಿಸುವ ಸೌಲಭ್ಯ ಇವರಲ್ಲೊಬ್ಬನನ್ನು ನುಂಗಿಬಿಡುತ್ತದೆ, ಅದನ್ನು ಬಳಸಲೇಬೇಡಿ.

ಫಿಲಿಪ್ಪಾಗಳೂ ಇಬ್ಬರು: ಒಬ್ಬಳು ಪೋರ್ಚುಗಲ್ ರಾಣಿ, ಹೆನ್ರಿಯ ಸೋದರತ್ತೆ; ಇನ್ನೊಬ್ಬಳು ಡೆನ್ಮಾರ್ಕ್ ರಾಣಿ, ಹೆನ್ರಿಯ ತಂಗಿ. ಕೊಸ್ಸಾ ಮೇ 29ರವರೆಗೆ ಪೋಪ್, ಆಮೇಲೆ ಪದಚ್ಯುತ. ಇನ್ನೊಬ್ಬ ಪೋಪ್ ಹನ್ನೆರಡನೇ ಗ್ರೆಗೊರಿ ಜುಲೈ 4ಕ್ಕೆ ರಾಜೀನಾಮೆ ಕೊಟ್ಟ. ಮೂರನೆಯವ ಹದಿಮೂರನೇ ಬೆನೆಡಿಕ್ಟ್ ಮಾತ್ರ ಜಪ್ಪಯ್ಯ ಅಂದರೂ ಬಿಡಲಿಲ್ಲ, ಆದ್ದರಿಂದ ಅವನ ‘ವರೆಗೆ’ ಕಾಲಂ ಈ ವರ್ಷಕ್ಕೆ ಖಾಲಿ.

ಜೋಡಿಸಿದಾಗ ಕಂಡದ್ದು

ಮೂರು ಪಟ್ಟಿ ಅಕ್ಕಪಕ್ಕ ಕೂತಾಗ ಬೇಸಿಗೆಯ ಚಿತ್ರವೇ ಬೇರೆ. ಜುಲೈ 19ಕ್ಕೆ ಪೋರ್ಚುಗಲ್ ರಾಣಿ ಫಿಲಿಪ್ಪಾ ಪ್ಲೇಗ್‌ಗೆ ತುತ್ತು. ಆರು ದಿನಕ್ಕೆ ಅವಳ ಗಂಡ, ಮಕ್ಕಳು ಲಿಸ್ಬನ್‌ನಿಂದ ಹಡಗು ಬಿಟ್ಟರು. ಅದೇ ಹೊತ್ತಿಗೆ ಅವಳ ತಮ್ಮನ ಮಗ ಹೆನ್ರಿ ಸೌತಾಂಪ್ಟನ್ ಬಳಿ ತನ್ನ ಪಡೆ ಕಟ್ಟುತ್ತಿದ್ದ. ಆಗಸ್ಟ್ 5ಕ್ಕೆ ಪಿತೂರಿಗಾರ ಕೇಂಬ್ರಿಜ್ ಅರ್ಲ್ ರಿಚರ್ಡ್‌ನ ತಲೆ ಹಾರಿಸಿ, 11ಕ್ಕೆ ಹಡಗೇರಿದ. ಆಗಸ್ಟ್ 21, ಬುಧವಾರ, ಸ್ಯೂಟಾ ಒಂದೇ ದಿನದಲ್ಲಿ ಬಿತ್ತು. ಹಾರ್ಫ್ಲರ್ ಆಗಷ್ಟೇ ಮುತ್ತಿಗೆಗೆ ಸಿಕ್ಕಿತ್ತು, ಸೆಪ್ಟೆಂಬರ್ 22ರವರೆಗೆ ಶರಣಾಗಲಿಲ್ಲ. ಹೆನ್ರಿಯ ಮುಂದಿನ ಅವಸರ, ಮಳೆಗಾಲದ ಕಾಲ್ನಡಿಗೆ, ಎಲ್ಲದರ ಬೇರು ಆ ವಿಳಂಬದಲ್ಲಿದೆ. ಅಕ್ಟೋಬರ್ 8ಕ್ಕೆ ಹೊರಟವನಿಗೆ ಸೊಮ್ ನದಿ ದಾಟಲು ಸಿಕ್ಕಿದ್ದು 19ಕ್ಕೆ.

ಸೈನ್ಯದ ಸಂಖ್ಯೆಗೆ ಒಂದೇ ಕೋಶ ಸಾಲದು. ‘ಕನಿಷ್ಠ’, ‘ಗರಿಷ್ಠ’ ಎಂದು ಎರಡು. ಅಜಿಂಕೋರ್ಟ್‌ನಲ್ಲಿ ಇಂಗ್ಲಿಷರು 6,000ದಿಂದ 9,000 ಎಂದು ಇಂದಿನ ವಿದ್ವಾಂಸರಲ್ಲೇ ಭಿನ್ನಮತ. ಸರಾಸರಿ ತೆಗೆದು 7,500 ಎಂದು ಬರೆದರೆ ಯಾರೂ ಹೇಳದ ಸಂಖ್ಯೆಯೊಂದು ಹುಟ್ಟುತ್ತದೆ. ಸಂಬಳದ ಲೆಕ್ಕ ಇಷ್ಟು ಜಾರುವುದಿಲ್ಲ: ಬಿಲ್ಲುಗಾರನಿಗೆ ದಿನಕ್ಕೆ 6 ಪೆನ್ನಿ, ಕವಚಧಾರಿ ಯೋಧನಿಗೆ 12. ಒಬ್ಬ ಯೋಧ, ಮೂವರು ಬಿಲ್ಲುಗಾರರ ತಂಡಕ್ಕೆ ದಿನಕ್ಕೆ 30 ಪೆನ್ನಿ. ಒಪ್ಪಂದಪತ್ರ ಸಿಕ್ಕ ತಂಡಗಳಿಗೆ ಈ ಗುಣಾಕಾರ ಹಾಕಿ ತಾಳೆ ನೋಡಲಾಗುತ್ತಿದೆ.

ಬಾಕಿ

ಡಿಸೆಂಬರ್ ತೆಳುವಾಗಿದೆ: 13ರ ನಾರ್ಬೊನ್ ಒಪ್ಪಂದ (ಬೆನೆಡಿಕ್ಟ್‌ನ ಬೆಂಬಲಿಗ ದೊರೆಗಳ ಕಡೆಯವರು ಮಹಾಸಭೆ ಸೇರಲು ಒಪ್ಪಿದ್ದು), 18ರ ಫ್ರೆಂಚ್ ಯುವರಾಜ ಲೂಯಿಯ ಸಾವು, ಅಷ್ಟೆ. ಸೆಪ್ಟೆಂಬರ್ 2ರ ಹುಸ್‌ನನ್ನು ಸುಟ್ಟದ್ದರ ವಿರುದ್ಧದ ಬೊಹೀಮಿಯದ ಪ್ರತಿಭಟನಾ ಪತ್ರಕ್ಕೆ ಸೇರಿದ 452 ಶ್ರೀಮಂತರಿಗೆ ಇನ್ನೂ ಸಂಖ್ಯೆ ಕೊಟ್ಟಿಲ್ಲ. ಜರ್ಮನ್ ದೊರೆ ಸಿಗಿಸ್ಮಂಡ್ ಕಾನ್‌ಸ್ಟಾನ್ಸ್‌ಗೆ ಬಂದದ್ದು 1414ರ ಕ್ರಿಸ್ಮಸ್ ದಿನ ನಸುಕಿಗೆ ಮುಂಚೆ. ಅಲ್ಲಿನ ಎಣಿಕೆಯಲ್ಲಿ ಅದು 1415ರ ಮೊದಲ ದಿನ. ಹಾಗಾಗಿ ಹಾಳೆ ಈಗ 2237880ರಿಂದ ಶುರುವಾಗುತ್ತದೆ. ಫ್ರೆಂಚ್ ಪತ್ರಗಳಿಗಾಗಿ ಕೊನೆಯನ್ನು 1416ರ ಏಪ್ರಿಲ್ 18ರವರೆಗೆ ಎಳೆಯಬೇಕು. 1416 ಅಧಿಕ ವರ್ಷ, ಫೆಬ್ರವರಿ 29ರ ಸಾಲು ಮರೆಯುವಂತಿಲ್ಲ.